ಮೇಸ್ತ್ರಿಯ ಕೆಲಸ ಹಂಚಿಹೋದ ಬಗೆ

ಇಂದು ಬೆಂಗಳೂರಿನಲ್ಲಿ ಮೂವತ್ತಕ್ಕೆ ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಸುವವರು ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಎಂಜಿನಿಯರ್, ಕಾಂಟ್ರಾಕ್ಟರ್, ಕಂಬಿ ಕಟ್ಟುವವರು, ಪ್ಲಂಬರ್, ಎಲೆಕ್ಟ್ರಿಷಿಯನ್, ಇಂಟೀರಿಯರ್ ಡಿಸೈನರ್ ಎಂದು ಹತ್ತಾರು ಮಂದಿಯೊಡನೆ ಏಗಬೇಕು. ನೂರು ವರ್ಷದ ಹಿಂದೆ ಇಂಥ ಮನೆಗೆ ಒಬ್ಬ ಮೇಸ್ತ್ರಿ, ಒಬ್ಬ ಆಚಾರಿ, ಅವರ ಕೈಕೆಳಗಿನ ಆಳುಗಳು ಸಾಕಾಗುತ್ತಿದ್ದರು. ಹೊಸ ಸಾಮಗ್ರಿಯೋ ಹೊಸ ಕಾನೂನೋ ಬಂದಾಗಲೆಲ್ಲ ಅವರ ಕೆಲಸದ ಒಂದೊಂದು ಪಾಲು ಬೇರೆಯವರ ಕೈಸೇರುತ್ತ ಬಂದಿದೆ.

ಹಳೆಯ ತೊಟ್ಟಿ ಮನೆಗಳ ನಕ್ಷೆ ಹುಟ್ಟುತ್ತಿದ್ದುದು ನೆಲದ ಮೇಲೆಯೇ. ಗೂಟ ಹೊಡೆದು, ದಾರ ಎಳೆದು ಗುರುತು ಹಾಕುತ್ತಿದ್ದರು. ಗಾರೆಯಲ್ಲಿಯೋ ಮಣ್ಣಿನಲ್ಲಿಯೋ ಕಟ್ಟಿದ ಗೋಡೆ ಒಂದೂವರೆ ಅಡಿ ದಪ್ಪವಿದ್ದರೆ ಭಾರದ ಲೆಕ್ಕವನ್ನು ಬೇರೆ ಹಾಕಬೇಕಿರಲಿಲ್ಲ. ಕೋಣೆ ಎಷ್ಟು ಅಗಲವಿರಬೇಕೆಂಬುದು ಸಿಕ್ಕ ತೊಲೆಯ ಉದ್ದದ ಮೇಲೆ ನಿಂತಿತ್ತು. ಹಾಗಾಗಿ ಅರ್ಧ ವಿನ್ಯಾಸ ಮರಗೆಲಸದ ಆಚಾರಿಯದೇ. ಎಷ್ಟೋ ಕಡೆ ಆಯ, ಅಂದರೆ ಅಳತೆಯ ಶುಭಾಶುಭ, ನೋಡುವುದೂ ಅವನದೇ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಇದು ಸ್ವಲ್ಪ ಬದಲಾಯಿತು. ಅಚ್ಚಿನಿಂದ ಬಂದ ಹೆಂಚುಗಳೆಲ್ಲ ಒಂದೇ ಅಳತೆ. ರೀಪಿನಿಂದ ರೀಪಿಗೆ ಎಷ್ಟು ಅಂತರವೆಂಬುದನ್ನು ಅಲ್ಲಿಂದ ಮುಂದೆ ಹೆಂಚೇ ಹೇಳತೊಡಗಿತು.

ದೊಡ್ಡ ಬದಲಾವಣೆ ತಂದದ್ದು ಸಿಮೆಂಟು ಮತ್ತು ಕಂಬಿ. ಗಾರೆಯ ಗೋಡೆಯ ಗುಣವನ್ನು ತಟ್ಟಿ, ತೂಗುಗುಂಡು ಹಿಡಿದು ಅಳೆಯಬಹುದಿತ್ತು. ಆರ್‌ಸಿಸಿ ತಾರಸಿಯ ಬಲ ಇರುವುದು ಒಳಗೆ ಅಡಗಿದ ಕಂಬಿಯಲ್ಲಿ. ಎರಡು ಗೋಡೆಗಳ ಮೇಲೆ ಕುಳಿತ ತೊಲೆಗೆ ಮುಖ್ಯ ಕಂಬಿ ಕೆಳಭಾಗದಲ್ಲಿರಬೇಕು. ಒಂದೇ ಕಡೆ ಆಧಾರವಿರುವ ಬಾಲ್ಕನಿಗೋ ಸಜ್ಜಾಕ್ಕೋ ಮೇಲ್ಭಾಗದಲ್ಲಿ. ಇದು ಅದಲುಬದಲಾದರೆ ಸೆಂಟ್ರಿಂಗ್ ಬಿಚ್ಚಿದ ದಿನವೇ ಬಾಲ್ಕನಿ ಕುಸಿಯಬಹುದು. ಮೋಲ್ಡ್, ಅಂದರೆ ಕಾಂಕ್ರೀಟು, ಹಾಕಿದ ಮೇಲೆ ತಪ್ಪು ಯಾರ ಕಣ್ಣಿಗೂ ಬೀಳದು. ಅನುಭವ ಮುಟ್ಟದ ಈ ಜಾಗಕ್ಕೇ ಸ್ಟ್ರಕ್ಚರಲ್ ಎಂಜಿನಿಯರ್ ಬಂದದ್ದು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಮೊದಲು ಪ್ರಕಟವಾದದ್ದು 1953ರಲ್ಲಿ. ಆದರೂ ಬಹುಕಾಲ ಚಿಕ್ಕ ಮನೆಗಳ ಕಂಬಿಯ ಲೆಕ್ಕ ಮೇಸ್ತ್ರಿಯ ಬಾಯಲ್ಲೇ ಉಳಿಯಿತು. 2001ರ ಜನವರಿ 26ರಂದು ಭುಜ್ ಬಳಿ ಭೂಕಂಪವಾದಾಗ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಉರುಳಿದವು. ಆ ಬಳಿಕವೇ ಎಂಜಿನಿಯರ್ ಸಹಿಯ ಬೆಲೆ ದೇಶಕ್ಕೆ ಗಟ್ಟಿಯಾಗಿ ತಿಳಿದದ್ದು.

ಆರ್ಕಿಟೆಕ್ಟ್ ಬಂದ ದಾರಿ ಬೇರೆ. ನಾಜಿ ಜರ್ಮನಿ ತೊರೆದ ಆಟೋ ಕೊನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾದಾಗ ಈ ವೃತ್ತಿಗೆ ಹೆಚ್ಚಾಗಿ ಸರಕಾರಿ ಮತ್ತು ಸಾರ್ವಜನಿಕ ಕಟ್ಟಡಗಳ ನಂಟು. ಬಡಾವಣೆಗಳು ಬೆಳೆದು, ಗಡಿಯಿಂದ ಜಾಗ ಬಿಡುವ ಸೆಟ್‌ಬ್ಯಾಕ್ ನಿಯಮ ಬಂದು, ನಕ್ಷೆಗೆ ಮಂಜೂರಾತಿ ಬೇಕಾದಾಗ ಸಾಮಾನ್ಯರ ಮನೆಯೂ ಕಾಗದಕ್ಕಿಳಿಯಿತು. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಆರ್ಕಿಟೆಕ್ಚರ್ ಕೌನ್ಸಿಲ್‌ನಲ್ಲಿ ನೋಂದಾಯಿಸಿದವರಿಗಷ್ಟೇ ಆ ಹೆಸರು ಬಳಸುವ ಹಕ್ಕು ಕೊಟ್ಟಿತು. ಆದರೆ ಕಾಯ್ದೆ ಕಾಯುವುದು ಹೆಸರನ್ನು ಮಾತ್ರ, ವಿನ್ಯಾಸದ ಕೆಲಸ ಅವರಿಗಷ್ಟೇ ಮೀಸಲಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ನಮ್ಮ ಊರುಗಳಲ್ಲಿ ಸಿವಿಲ್ ಎಂಜಿನಿಯರುಗಳೇ ಪ್ಲಾನ್ ಬರೆದುಕೊಡುವುದಕ್ಕೆ ಇದರಿಂದ ಅಡ್ಡಿಯಿಲ್ಲ.

ಎದುರುದಿಕ್ಕಿನ ಒಂದು ಪ್ರಯತ್ನವನ್ನೂ ನೆನೆಯಬೇಕು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ಅಸ್ತ್ರ ಕೇಂದ್ರದ ವಿಜ್ಞಾನಿಗಳು ಮಣ್ಣಿಗೆ ತುಸು ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆಯನ್ನು ಬಳಕೆಗೆ ತಂದರು. ಲೆಕ್ಕ ಪ್ರಯೋಗಾಲಯದ್ದು, ಇಟ್ಟಿಗೆ ಒತ್ತುವ ಕೆಲಸ ಮನೆ ಕಟ್ಟುವ ಜಾಗದ್ದೇ. ಎಂಜಿನಿಯರೂ ಗಾರೆಯವರೂ ಅಲ್ಲಿ ಜೊತೆಗೂಡಿದರು.

ಕಾಂಟ್ರಾಕ್ಟರ್ ಮಾತ್ರ ಮೇಸ್ತ್ರಿಯ ನೇರ ವಾರಸುದಾರ. ಲೇಬರ್ ಕಾಂಟ್ರಾಕ್ಟಿನಲ್ಲಿ ಸಾಮಾನು ಮಾಲೀಕರದು, ಕೂಲಿ ಚದರದ ಲೆಕ್ಕ; ಪೂರ್ತಿ ಗುತ್ತಿಗೆಯಲ್ಲಿ ಎರಡೂ ಕಾಂಟ್ರಾಕ್ಟರದೇ. ಮೊದಲನೆಯದರಲ್ಲಿ ಸಾಮಾನು ಪೋಲಾದರೆ ನಷ್ಟ ಮಾಲೀಕರಿಗೆ, ಎರಡನೆಯದರಲ್ಲಿ ಸಾಮಾನು ಕಡಿಮೆ ಹಾಕಿದಷ್ಟೂ ಲಾಭ ಕಾಂಟ್ರಾಕ್ಟರಿಗೆ. ಎರಡಕ್ಕೂ ಬೇರೆಯವರ ಕಣ್ಗಾವಲು ಬೇಕು.

ಫ್ಲ್ಯಾಟ್ ಕೊಳ್ಳುವವರಿಗೆ ಆ ಕಣ್ಗಾವಲನ್ನು ರಿಯಲ್ ಎಸ್ಟೇಟ್ ನಿಯಂತ್ರಣದ 2016ರ ರೇರಾ ಕಾಯ್ದೆ ಒದಗಿಸಿದೆ. ಯೋಜನೆಯ ಪ್ರತ್ಯೇಕ ಖಾತೆಯಿಂದ ಬಿಲ್ಡರ್ ಹಣ ತೆಗೆಯಬೇಕಾದರೆ ಎಂಜಿನಿಯರ್, ಆರ್ಕಿಟೆಕ್ಟ್, ಲೆಕ್ಕಪರಿಶೋಧಕ ಮೂವರೂ ದೃಢೀಕರಿಸಬೇಕು. ರಚನೆಯ ದೋಷಕ್ಕೆ ಐದು ವರ್ಷ ಬಿಲ್ಡರೇ ಹೊಣೆ. ಸ್ವಂತ ನಿವೇಶನದಲ್ಲಿ ತಮಗಾಗಿ ಮನೆ ಕಟ್ಟಿಸುವವರಿಗೆ ಈ ಕಾಯ್ದೆಯ ನೆರಳಿಲ್ಲ. ಅವರಿಗೆ ಉಳಿಯುವುದು ಕರಾರುಪತ್ರ: ಮೋಲ್ಡಿಗೆ ಮುನ್ನ ಕಂಬಿ ನೋಡಿ ಸಹಿ ಹಾಕುವವರು ಯಾರು, ಯಾವ ಹಂತಕ್ಕೆ ಎಷ್ಟು ಹಣ, ಸೋರಿದರೆ ರಿಪೇರಿ ಯಾರದು ಎಂಬುದು ಅದರಲ್ಲಿರಬೇಕು. ಮೇಸ್ತ್ರಿಯ ಕೆಲಸ ಹತ್ತು ಪಾಲಾದಾಗ ಹೊಣೆಯೂ ತಾನಾಗಿ ಹಂಚಿಹೋಗಲಿಲ್ಲ, ಅದನ್ನು ಬರೆದೇ ಹಂಚಬೇಕು. ಹಂಚುವಾಗ ಒಂದು ನಿಯಮ ಸಾಕು: ಕೆಲಸ ಮಾಡಿದವರೇ ಅದು ಸರಿಯಿದೆಯೆಂದು ಸಹಿ ಹಾಕುವವರಾಗಬಾರದು.