ಸೋಡಚೀಟಿ, ಸಭೆ ಮತ್ತು 1869ರ ಶಾಸನ: ಕಲಬುರಗಿ ಸೀಮೆಯಿಂದ ಒಂದು ಅವಲೋಕನ

ವಿವಾಹವಿಚ್ಛೇದನವನ್ನು ಸುಲಭಗೊಳಿಸಬೇಕೆ ಎಂಬ ಪ್ರಶ್ನೆ ನಮ್ಮ ಸಭೆಗಳಲ್ಲಿ ಎದ್ದಾಗಲೆಲ್ಲ ಚರ್ಚೆಯು ನೇರವಾಗಿ ಮತ್ತಾಯನ ಸುವಾರ್ತೆಯ 19ನೆಯ ಅಧ್ಯಾಯಕ್ಕೆ ಹೋಗಿ ನಿಲ್ಲುತ್ತದೆ. ನಿಲ್ಲಬೇಕಾದುದೇ. ಆದರೆ ನಮ್ಮ ಜನರು ಒಂದು ಶತಮಾನಕ್ಕೂ ಮಿಕ್ಕಿ ಕಂಡ ಕಾಠಿಣ್ಯವು ಸುವಾರ್ತೆಯಿಂದ ಇಳಿದುಬಂದದ್ದೋ, ಅನ್ಯಮೂಲದಿಂದ ಬಂದದ್ದೋ ಎಂಬುದನ್ನು ಚರಿತ್ರೆಯೇ ಹೇಳಬೇಕು. ಅದಕ್ಕಾಗಿ ನಾವು ಕಲಬುರಗಿಯನ್ನೂ ಹುಮನಾಬಾದಿನ ದಾರಿಯಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರವನ್ನೂ ನೆಲೆಯಾಗಿಟ್ಟುಕೊಂಡು ನೋಡುತ್ತೇವೆ.

1869ರ ಭಾರತೀಯ ವಿಚ್ಛೇದನ ಶಾಸನವು 1857ರ ಇಂಗ್ಲೆಂಡಿನ ಕಾಯಿದೆಯ ಪಡಿಯಚ್ಚು. ಅದರ 10ನೆಯ ಕಲಮಿನ ಪ್ರಕಾರ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ರುಜುಪಡಿಸಿದರೆ ಸಾಕಾಗಿತ್ತು. ಹೆಂಡತಿಗೆ ಅಷ್ಟು ಸಾಲದು. ಗಂಡನ ವ್ಯಭಿಚಾರದೊಂದಿಗೆ ಕ್ರೌರ್ಯವನ್ನೋ, ಎರಡು ವರ್ಷಗಳ ಪರಿತ್ಯಾಗವನ್ನೋ ಜೊತೆಗೂಡಿಸಿ ತೋರಿಸಬೇಕಿತ್ತು. ಬರೇ ಹೊಡೆತಕ್ಕೆ ಬಿಡುಗಡೆಯಿಲ್ಲ. ಬಿಟ್ಟುಹೋದವನಿಂದಲೂ ಬಿಡುಗಡೆಯಿಲ್ಲ. ವ್ಯಭಿಚಾರಿಯಿಂದ ಗಂಡನು ಹಣದ ರೂಪದಲ್ಲಿ ನಷ್ಟಪರಿಹಾರ ಕೇಳಬಹುದಿತ್ತು, ಹೆಂಡತಿಯು ಒಂದು ಸೊತ್ತೆಂಬಂತೆ. ಮೊಕದ್ದಮೆ ನಡೆಯುವಾಗ ಅವಳಿಗೆ ಸಿಗಬಹುದಾದ ಜೀವನಾಂಶವು ಗಂಡನ ಆದಾಯದ ಐದರಲ್ಲಿ ಒಂದು ಪಾಲನ್ನು ಮೀರುವಂತಿರಲಿಲ್ಲ. ಈ ಪುರುಷಪಕ್ಷಪಾತಕ್ಕೆ ಮತ್ತಾಯನಲ್ಲಾಗಲಿ ಮಾರ್ಕನಲ್ಲಾಗಲಿ ಆಧಾರವಿಲ್ಲ. ಮಾರ್ಕನು 10ನೆಯ ಅಧ್ಯಾಯದಲ್ಲಿ ಗಂಡಹೆಂಡಿರಿಬ್ಬರನ್ನೂ ಒಂದೇ ಅಳತೆಯಿಂದ ಅಳೆಯುತ್ತಾನೆ.

ಈ ಶಾಸನವು ಕಲಬುರಗಿಗೆ ತಡವಾಗಿ ಬಂದಿತು. ನಿಜಾಮರ ಸಂಸ್ಥಾನದಲ್ಲಿ ಅದು ಬ್ರಿಟಿಷ್ ಪ್ರಜೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಅಂದರೆ ಮಿಷನರಿಗೆ ಅನ್ವಯ, ಅವರು ದೀಕ್ಷಾಸ್ನಾನ ಕೊಟ್ಟ ಹಳ್ಳಿಗನಿಗೆ ಅಲ್ಲ. ಬೀದರ-ಕಲಬುರಗಿ ಸೀಮೆಯಲ್ಲಿ ಮೆಥೊಡಿಸ್ಟ್ ಸಭೆಗೆ ಸೇರಿದವರಲ್ಲಿ ಬಹುಮಂದಿ ದಲಿತ ಸಮುದಾಯಗಳಿಂದ ಬಂದವರು. ಉತ್ತರ ಕರ್ನಾಟಕದ ಅಂತಹ ಸಮುದಾಯಗಳಲ್ಲಿ ಸೋಡಚೀಟಿಯೂ ಉಡಿಕಿಯೂ ರೂಢಿಯಲ್ಲಿದ್ದವು: ದೈವದವರು ಸೇರಿ ಸಂಬಂಧ ಹರಿದುಕೊಡುತ್ತಿದ್ದರು, ಹೆಂಗಸು ಮತ್ತೊಂದು ಮನೆ ಸೇರಬಹುದಿತ್ತು. ಆ ಪದ್ಧತಿಯನ್ನು ನಾವು ಬಣ್ಣಕಟ್ಟಿ ಹೇಳಲಾರೆವು. ಪಂಚರು ಗಂಡಸರೇ, ದಂಡವನ್ನು ತೆರುವವರೂ ಅನೇಕ ವೇಳೆ ಹೆಣ್ಣಿನ ಕಡೆಯವರೇ. ಆದರೂ ಒಂದು ಬಾಗಿಲಿತ್ತು.

ಸಂಸ್ಥಾನವು 1948ರಲ್ಲಿ ಭಾರತದಲ್ಲಿ ಸೇರಿದ ಮೇಲೆ, 1951ರ ಭಾಗ ‘ಬಿ’ ರಾಜ್ಯಗಳ ಕಾನೂನು ಶಾಸನದ ಮೂಲಕ 1869ರ ಕಾಯಿದೆ ಇಲ್ಲಿನ ಕ್ರೈಸ್ತರಿಗೂ ವ್ಯಾಪಿಸಿತು. ನಾಲ್ಕು ವರ್ಷಗಳ ತರುವಾಯ ಬಂದ 1955ರ ಹಿಂದೂ ವಿವಾಹ ಶಾಸನವು ತನ್ನ 29ನೆಯ ಕಲಮಿನಲ್ಲಿ ರೂಢಿಗತ ವಿಚ್ಛೇದನವನ್ನು ಉಳಿಸಿಕೊಂಡಿತು. ಹೀಗೆ ಒಂದೇ ಕೇರಿಯ, ಒಂದೇ ಮೂಲದ ಇಬ್ಬರು ಅಕ್ಕತಂಗಿಯರಲ್ಲಿ ಹಿಂದೂವಾಗಿ ಉಳಿದವಳಿಗೆ ಅಜ್ಜಿಯ ಕಾಲದ ಬಾಗಿಲು ತೆರೆದೇ ಇತ್ತು; ಕ್ರಿಸ್ತನನ್ನು ಅಂಗೀಕರಿಸಿದವಳಿಗೆ ಮುಚ್ಚಿತು. ಮುಚ್ಚಿದ್ದು ಸುವಾರ್ತೆಯಲ್ಲ, ವಿಕ್ಟೋರಿಯಾ ಕಾಲದ ಲಂಡನ್ನಿನ ಮಧ್ಯಮವರ್ಗದ ಕಾಯಿದೆ. ಸ್ವತಃ ಇಂಗ್ಲೆಂಡು 1923ರಲ್ಲಿ ವ್ಯಭಿಚಾರದ ವಿಷಯದಲ್ಲಿ ಹೆಂಡತಿಯನ್ನು ಗಂಡನಿಗೆ ಸಮಾನವಾಗಿಸಿ, 1937ರಲ್ಲಿ ಕ್ರೌರ್ಯ ಮತ್ತು ಪರಿತ್ಯಾಗಗಳನ್ನು ಸ್ವತಂತ್ರ ಕಾರಣಗಳೆಂದು ಒಪ್ಪಿಕೊಂಡಾಗಿತ್ತು.

ಇನ್ನೊಂದು ತೊಡಕು 17ನೆಯ ಕಲಮಿನದು. ಜಿಲ್ಲಾ ನ್ಯಾಯಾಧೀಶರು ಕೊಟ್ಟ ವಿಚ್ಛೇದನದ ಡಿಕ್ರಿಯು ಉಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠದಿಂದ ಸ್ಥಿರಪಡುವ ತನಕ ಊರ್ಜಿತವಲ್ಲ, ಅದೂ ಆರು ತಿಂಗಳು ಕಳೆಯುವ ಮುಂಚೆ ಆಗದು. 1956ರ ಏಕೀಕರಣದ ವರೆಗೆ ಆ ಉಚ್ಚ ನ್ಯಾಯಾಲಯ ಹೈದರಾಬಾದಿನಲ್ಲಿತ್ತು. ಆಮೇಲೆ ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರು. (ಏಕೀಕರಣದ ಹರ್ಷದಲ್ಲಿ ಈ ದೂರವನ್ನು ಲೆಕ್ಕ ಹಾಕಿದವರು ಕಡಿಮೆ.) ಕಮಲಾಪುರದ ಕೂಲಿಯ ಹೆಂಗಸು ಕಲಬುರಗಿಯ ಕೋರ್ಟಿನಲ್ಲಿ ಗೆದ್ದರೂ ಬೆಂಗಳೂರಿನ ತೀರ್ಮಾನಕ್ಕೆ ಕಾಯಬೇಕಿತ್ತು. ಕಲಬುರಗಿಯಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಆರಂಭವಾದದ್ದು 2008ರಲ್ಲಿ; ಅಷ್ಟು ಹೊತ್ತಿಗೆ ಈ ನಿಯಮವೇ ಹೋಗಿತ್ತು.

ಅದು ಹೋದದ್ದು 2001ರ ತಿದ್ದುಪಡಿಯಿಂದ. ಕಾನೂನು ಆಯೋಗವು 1960ರಿಂದಲೇ ವರದಿಗಳನ್ನು ಕೊಡುತ್ತ ಬಂದಿತ್ತು. 1995ರಲ್ಲಿ ಕೇರಳ, 1997ರಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯಗಳು 10ನೆಯ ಕಲಮಿನ ಅಸಮಾನತೆಯನ್ನು ಹೊಡೆದುಹಾಕಿದವು. ಕ್ರೈಸ್ತ ಸಭೆಗಳು ಮತ್ತು ಮಹಿಳಾ ಸಂಘಟನೆಗಳು ಸೇರಿ ಕರಡನ್ನೂ ರಚಿಸಿದ್ದವು. ಆದರೂ ಸಂಸತ್ತು 132 ವರ್ಷ ತೆಗೆದುಕೊಂಡಿತು. ಹೊಸ 10–ಎ ಕಲಮು ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಅವಕಾಶ ಕೊಟ್ಟಿತು. ಆದರೆ ಇತರರಿಗೆ ಒಂದು ವರ್ಷದ ಪ್ರತ್ಯೇಕವಾಸ ಸಾಕಾದರೆ ಕ್ರೈಸ್ತರಿಗೆ ಎರಡು ವರ್ಷ! ಈ ಭೇದವನ್ನು ಕೇರಳ ಉಚ್ಚ ನ್ಯಾಯಾಲಯ 2010ರಲ್ಲೂ ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯ 2014ರಲ್ಲೂ ಒಪ್ಪದೆ, ಒಂದು ವರ್ಷಕ್ಕೆ ಇಳಿಸಿದವು.

ಕ್ಯಾಥೊಲಿಕ್ ಸಹೋದರರ ದಾರಿ ಬೇರೆ. 2005ರಲ್ಲಿ ಸ್ಥಾಪಿತವಾದ ಕಲಬುರಗಿ ಧರ್ಮಪ್ರಾಂತ್ಯದ ವಿಶ್ವಾಸಿಗಳಿಗೆ ವಿಚ್ಛೇದನವೆಂಬುದಿಲ್ಲ. ವಿವಾಹವು ಮೊದಲಿನಿಂದಲೇ ಅಸಿಂಧುವಾಗಿತ್ತೆಂಬ ಧರ್ಮನ್ಯಾಯಮಂಡಲಿಯ ತೀರ್ಪು ಮಾತ್ರ ಉಂಟು. ಪೋಪ್ ಫ್ರಾನ್ಸಿಸರು 2015ರಲ್ಲಿ ಎರಡನೆಯ ಸಮ್ಮತ ತೀರ್ಪಿನ ಅಗತ್ಯವನ್ನು ತೆಗೆದು ಈ ಕ್ರಮವನ್ನು ಸರಳಗೊಳಿಸಿದರು. ಆದರೆ ಆ ತೀರ್ಪನ್ನು ದೇಶದ ಕಾನೂನು ಮನ್ನಿಸಬೇಕೆಂದು ಮಂಗಳೂರು ಕಡೆಯ ನ್ಯಾಯವಾದಿ ಕ್ಲಾರೆನ್ಸ್ ಪಾಯ್ಸ್ ಸಲ್ಲಿಸಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ 2017ರ ಜನವರಿಯಲ್ಲಿ ತಳ್ಳಿಹಾಕಿತು. ಹಾಗಾಗಿ ಸಭೆಯ ತೀರ್ಪು ಪಡೆದವರೂ ಕೋರ್ಟಿನ ಮೆಟ್ಟಿಲನ್ನು ಹತ್ತಲೇಬೇಕು. ಹತ್ತದೆ ಮರುಮದುವೆಯಾದರೆ ದ್ವಿಪತ್ನಿತ್ವದ ಅಪರಾಧ. ಸೆಮಿನರಿಯ ವಿದ್ಯಾರ್ಥಿಗಳು ಇದನ್ನು ಮದುವೆಯ ವಿಧಿಯಷ್ಟೇ ಚೆನ್ನಾಗಿ ತಿಳಿದಿರಬೇಕು.

ಹಾಗಾದರೆ ಇನ್ನೂ ಸುಲಭಗೊಳಿಸಬೇಕೆ? ಕ್ರೌರ್ಯಕ್ಕೂ ಪರಿತ್ಯಾಗಕ್ಕೂ ಗುರಿಯಾದವರ ಮಟ್ಟಿಗೆ ನಮ್ಮ ಉತ್ತರ ನಿಸ್ಸಂದೇಹವಾಗಿ ಹೌದು. ಪೌಲನೇ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 7ನೆಯ ಅಧ್ಯಾಯದಲ್ಲಿ, ಅವಿಶ್ವಾಸಿಯು ಅಗಲಿಹೋದಾಗ ವಿಶ್ವಾಸಿಯು ಬದ್ಧನಲ್ಲವೆಂದು ಬಗೆದಿದ್ದಾನೆ. ಸಮ್ಮತಿಯ ವಿಚ್ಛೇದನದ ವಿಷಯದಲ್ಲಿ ನಾವು ಅಷ್ಟು ಅವಸರಪಡುವುದಿಲ್ಲ. ಕಾಯುವ ಒಂದು ವರ್ಷವೂ ಮೂಲಭೂತ ಹಕ್ಕಿಗೆ ವಿರುದ್ಧವೆಂದು ಕೇರಳ ಉಚ್ಚ ನ್ಯಾಯಾಲಯ 2022ರಲ್ಲಿ ತೀರ್ಪಿತ್ತಿದೆ. ಅದರ ವಾದ ಬಲವಾದುದೇ. ಆದರೂ 1866ರಲ್ಲಿ ಮತಾಂತರಿತರ ವಿವಾಹವಿಚ್ಛೇದನಕ್ಕಾಗಿ ಮಾಡಿದ ಕಾಯಿದೆಯನ್ನು ಇಲ್ಲಿ ನೆನೆಯಬೇಕು. ಅದರಲ್ಲೂ ಒಂದು ವರ್ಷದ ಕಾಯುವಿಕೆ ಇತ್ತು, ಆದರೆ ಅದು ಬರಿದಾದ ವರ್ಷವಲ್ಲ: ನ್ಯಾಯಾಧೀಶರು ಬಿಟ್ಟುಹೋದ ಸಂಗಾತಿಯನ್ನು ಕರೆಸಿ ಮರಳುವೆಯಾ ಎಂದು ವಿಚಾರಿಸಬೇಕಿತ್ತು, ವರ್ಷ ಕಳೆದ ಮೇಲೆ ಮತ್ತೊಮ್ಮೆ ವಿಚಾರಿಸಬೇಕಿತ್ತು. ಇಂದಿನ 10–ಎ ಕಲಮಿನ ವರ್ಷದಲ್ಲಿ ಹಾಗೆ ವಿಚಾರಿಸುವವರು ಯಾರೂ ಇಲ್ಲ. ಆ ಹನ್ನೆರಡು ತಿಂಗಳಲ್ಲಿ ಕಮಲಾಪುರದ ಆ ಎರಡು ಮನೆಗಳಿಗೆ ಸಭಾಪಾಲಕನು ಎಷ್ಟು ಬಾರಿ ಹೋದನು, ಹೋದಾಗ ಹೆಂಗಸಿನ ಮಾತನ್ನು ಅವಳೊಬ್ಬಳಿಂದಲೇ ಕೇಳಿದನೋ ಹಿರಿಯರ ಎದುರಿನಲ್ಲಿ ಕೇಳಿದನೋ ಎಂಬುದನ್ನು ನಮ್ಮ ಪ್ರಾಂತೀಯ ಸಮ್ಮೇಳನಗಳು ವರದಿಯಲ್ಲಿ ಕೇಳುವಂತಾಗಬೇಕು.