ಕೊನೆಯ ಫೂಟು ಮುಗಿದ ಮೇಲೆ: ಹೊನವಾಡ ಸೀಮೆಯ ಬೋರ್ ಕೆಲಸದಲ್ಲಿ ದಿನನಿತ್ಯದ ಸುರಕ್ಷತಾ ತಡೆಗಳು

ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಹೊನವಾಡದ ಸುತ್ತಮುತ್ತ ಕೊಳವೆಬಾವಿ ಕೊರೆಸುವುದಕ್ಕೆ ‘ಬೋರ್ ಹೊಡಸೋದು’ ಎನ್ನುತ್ತಾರೆ. ಇದು ದ್ರಾಕ್ಷಿಯ ಸೀಮೆ. ಫಸಲು ಮುಗಿದು ಏಪ್ರಿಲ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಶುರುವಾದಾಗ ಬಳ್ಳಿಗೆ ನೀರು ಬೇಕು, ನೆಲದೊಳಗಿನ ನೀರೂ ಆಗಲೇ ತಳ ಹಿಡಿದಿರುತ್ತದೆ. ಅಡಿಯಲ್ಲಿರುವುದು ದಖ್ಖನ್ನಿನ ಕರಿಗಲ್ಲು, ಲಾವಾ ಪದರು ಪದರಾಗಿ ಹರಿದು ಗಟ್ಟಿಯಾದದ್ದು. ನೀರು ಸಿಗುವುದು ಅದರ ಬಿರುಕುಗಳಲ್ಲಿ, ಪದರುಗಳ ನಡುವಿನ ಸಂದಿಯಲ್ಲಿ. ಒಬ್ಬರ ಹೊಲದಲ್ಲಿ ಎರಡು ಇಂಚು ನೀರು ಬಿದ್ದರೆ ಬದುವಿನಾಚೆ ಬರೀ ಪುಡಿ ಏಳುವುದು ಇದೇ ಕಾರಣಕ್ಕೆ. ಹಾಗಾಗಿ ಇಲ್ಲಿ ಫೇಲ್ ಬೋರು ಅಪರೂಪದ ಸಂಗತಿಯಾಗಿ ಉಳಿದಿಲ್ಲ, ಕೃಷಿಯ ಲೆಕ್ಕದಲ್ಲೇ ಸೇರಿಹೋಗಿದೆ.

ಕೊರೆಯುವ ಕೆಲಸದ ಅಪಾಯವನ್ನು ಆಳವಾಗಿ ಚಿಂತಿಸಿದವರು ಸಮುದ್ರದ ಎಣ್ಣೆಬಾವಿಗಳವರು. ಅವರ ಶಾಸ್ತ್ರದ ಮುಖ್ಯ ಪದ ‘ತಡೆ’. ಅಪಾಯಕ್ಕೂ ಮನುಷ್ಯನಿಗೂ ನಡುವೆ ನಿಲ್ಲುವ ಮುಚ್ಚಳ, ಕವಾಟ, ಸರಪಳಿ, ಪರವಾನಗಿ ಚೀಟಿ ಎಲ್ಲವೂ ತಡೆಗಳೇ. ಪ್ರತಿ ತಡೆಯಲ್ಲೂ ತೂತುಗಳಿರುತ್ತವೆ, ಅವೆಲ್ಲ ಒಂದೇ ಗೆರೆಗೆ ಬಂದ ದಿನ ಅಪಘಾತವಾಗುತ್ತದೆ ಎಂಬುದು ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಅವರ ಪ್ರಸಿದ್ಧ ವಿವರಣೆ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ಎಣ್ಣೆ ವೇದಿಕೆಯಲ್ಲಿ 167 ಜನ ಸತ್ತರು. ದುರಸ್ತಿಗೆಂದು ಒಂದು ಪಂಪಿನ ಸುರಕ್ಷತಾ ಕವಾಟವನ್ನು ಹಗಲು ಬಿಚ್ಚಿದ್ದರು. ಆ ಜಾಗಕ್ಕೆ ತಾತ್ಕಾಲಿಕ ಮುಚ್ಚಳವಿತ್ತು. ಆ ಸುದ್ದಿ ರಾತ್ರಿ ಪಾಳಿಯವರಿಗೆ ಮುಟ್ಟಲಿಲ್ಲ, ಅವರು ಪಂಪು ಚಾಲೂ ಮಾಡಿದರು. ಕೆಲಸ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವ ಆ ಹೊತ್ತಿನಲ್ಲೇ ತಡೆ ಕಳಚಿತ್ತು. ನಮ್ಮ ಹೊಲಗಳ ಬೋರ್ ಕೆಲಸವೂ ಸೋಲುವುದು ಇಂಥ ದಾಟಿನಲ್ಲಿಯೇ ಎಂಬುದು ಈ ಲೇಖನದ ವಾದ.

ಮೊದಲು ಗಾಡಿಯ ಮೇಲಿನವರನ್ನು ನೋಡೋಣ. ದಕ್ಷಿಣ ಭಾರತದ ಬೋರ್ ಗಾಡಿಗಳ ದೊಡ್ಡ ಕೇಂದ್ರ ತಮಿಳುನಾಡಿನ ತಿರುಚೆಂಗೋಡು. ರಾಡ್ ಹೊರುವ ಹುಡುಗರು ಹೆಚ್ಚಾಗಿ ಛತ್ತೀಸಗಡ, ಒಡಿಶಾ, ಝಾರ್ಖಂಡದವರು. ಸಾಮಾನ್ಯವಾಗಿ ಬಳಸುವ ರಾಡ್ 20 ಫೂಟು ಉದ್ದ, ಅಂದರೆ ಸುಮಾರು 6.1 ಮೀಟರ್. ಅದನ್ನು ಎತ್ತಿ ನಿಲ್ಲಿಸುವ ಗೋಪುರ ಅದಕ್ಕಿಂತ ಎತ್ತರವೇ ಇರಬೇಕು. ರಸ್ತೆ ಬಿಟ್ಟು ಹೊಲದ ಮೇಲೆ ಹಾಯುವ 11 ಕೆವಿ ತಂತಿಗೆ 1956ರ ವಿದ್ಯುತ್ ನಿಯಮಗಳು ಹೇಳಿದ್ದ ಕನಿಷ್ಠ ಎತ್ತರ 4.6 ಮೀಟರ್. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು: ತಂತಿ ನಿಯಮದ ಪ್ರಕಾರವೇ ಇದ್ದರೂ ಗೋಪುರ ಅದನ್ನು ಮುಟ್ಟುತ್ತದೆ. ಇಲ್ಲಿಯ ತಡೆಗೆ ಖರ್ಚಿಲ್ಲ. ಕೊರೆಯುವ ಪಾಯಿಂಟ್ ತೋರಿಸುವಾಗ ತಲೆಯೆತ್ತಿ ನೋಡಬೇಕು, ತಂತಿಯಿದ್ದರೆ ಜಾಗ ಸರಿಸಬೇಕು, ಆಗದಿದ್ದರೆ ಲೈನ್ ಬಂದ್ ಮಾಡಿಸಬೇಕು. ಆದರೆ ಪಾಯಿಂಟ್ ತೋರಿಸುವವನು ನೆಲ ನೋಡುತ್ತಾನೆ, ಡ್ರೈವರ್ ಕತ್ತಲಲ್ಲಿ ಬರುತ್ತಾನೆ, ತಂತಿಯ ಮಾತು ಇಬ್ಬರ ನಡುವೆ ಬಿದ್ದುಹೋಗುತ್ತದೆ. ಗಾಡಿಯಲ್ಲಿ ಇನ್ನೊಂದು ಅಪಾಯವೂ ಇದೆ: ಕಂಪ್ರೆಸರಿನ ಹೋಸು ಕಿತ್ತರೆ ಹಾವಿನಂತೆ ಬಡಿಯುತ್ತದೆ. ಜೋಡಣೆಗೆ ಕಟ್ಟುವ ಒಂದು ಮೊಳ ಸರಪಳಿ ಅದನ್ನು ಹಿಡಿದಿಡುತ್ತದೆ.

ಇದಕ್ಕಿಂತ ದೊಡ್ಡ ತೂತು ಗಾಡಿ ಹೋದ ಮೇಲೆ ಉಳಿಯುತ್ತದೆ. ಬೋರಿನ ಬಾಯಿ ಆರೂವರೆ ಇಂಚು, ಒಂದು ಗೇಣಿಗೂ ಕಡಿಮೆ. 2024ರ ಏಪ್ರಿಲ್ 3ರ ಸಂಜೆ ಇದೇ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದೊಳಗಿನ ಮಗು ಅಂಥ ಬಾಯಿಗೆ ತಲೆಕೆಳಗಾಗಿ ಬಿದ್ದು ಸುಮಾರು 16 ಫೂಟಿನಲ್ಲಿ ಸಿಕ್ಕಿಕೊಂಡಿತು. ಆ ಬೋರು ಹೊಡೆಸಿ ಒಂದೇ ದಿನವಾಗಿತ್ತು. ಪಕ್ಕದಲ್ಲಿ ತಗ್ಗು ತೋಡಿ, ಸುಮಾರು 20 ತಾಸಿನ ಮೇಲೆ ಮಗುವನ್ನು ಜೀವಂತ ತೆಗೆದರು. ಎಲ್ಲರಿಗೂ ಆ ಪುಣ್ಯ ಇರಲಿಲ್ಲ. 2007ರ ಏಪ್ರಿಲಿನಲ್ಲಿ ಮಾನ್ವಿ ತಾಲ್ಲೂಕಿನ ನೀರಮಾನ್ವಿ, 2014ರ ಜೂನಿನಲ್ಲಿ ವಿಜಯಪುರದ ಹತ್ತಿರದ ನಾಗಠಾಣ, ಅದೇ ವರ್ಷದ ಆಗಸ್ಟಿನಲ್ಲಿ ಬಾಗಲಕೋಟೆಯ ಸೂಳಿಕೇರಿ, 2017ರ ಏಪ್ರಿಲಿನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡ: ಈ ನಾಲ್ಕು ಊರುಗಳ ಮಕ್ಕಳು ಬದುಕಲಿಲ್ಲ. ಇಲ್ಲಿ ಹೆಸರಿಸಿದ ಐದರಲ್ಲಿ ಮೂರು ಏಪ್ರಿಲಿನವು. ಬೋರ್ ಹೊಡೆಸುವ ಹಂಗಾಮೂ ಶಾಲೆಯ ಸೂಟಿಯೂ ಕೂಡುವ ತಿಂಗಳದು.

ಸುಪ್ರೀಂ ಕೋರ್ಟ್ 2010ರ ಫೆಬ್ರುವರಿ 11ರಂದೇ ತಡೆಗಳನ್ನು ಅಳತೆ ಸಮೇತ ಹೇಳಿತು. ಕೊರೆಯುವ 15 ದಿನ ಮೊದಲು ಅಧಿಕಾರಿಗಳಿಗೆ ಬರೆದು ತಿಳಿಸಬೇಕು. ಸುತ್ತ ಮುಳ್ಳುತಂತಿ ಬೇಲಿ ಇರಬೇಕು. ಬಾಯಿಗೆ ಇಳಿಸಿದ ಕೇಸಿಂಗ್ ಪೈಪಿನ ಸುತ್ತ ನೆಲದ ಮೇಲೆ 0.30, ಕೆಳಗೆ 0.30 ಮೀಟರಿನ ಕಾಂಕ್ರೀಟ್ ಕಟ್ಟೆ ಕಟ್ಟಿ, ಬಾಯಿಗೆ ಬೆಸುಗೆಯ ಉಕ್ಕಿನ ತಗಡು ಅಥವಾ ನಟ್ಟು-ಬೋಲ್ಟಿನ ಮುಚ್ಚಳ ಹಾಕಬೇಕು. ಪಂಪು ದುರಸ್ತಿಯ ಹೊತ್ತಲ್ಲೂ ಬಾಯಿ ತೆರೆದಿಡಬಾರದು. ಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕು.

ಹೊಲದಲ್ಲಿ ನಡೆಯುವುದು ಬೇರೆ. ನೀರು ಬೀಳದಿದ್ದರೆ ಕೇಸಿಂಗ್ ಪೈಪನ್ನೇ ಕಿತ್ತು ಮುಂದಿನ ಬೋರಿಗೆ ಇಡುವುದುಂಟು. ಸಾಲ ಮಾಡಿ ಬೋರ್ ಹೊಡೆಸಿದವನಿಗೆ ಅದೊಂದೇ ಕೈಗೆ ಮರಳುವ ಮಾಲು, ಅವನನ್ನು ದೂರಲಾರೆ. ಆದರೆ ಪೈಪು ಹೋದ ಮೇಲೆ ಮುಚ್ಚಳ ಕೂಡಲು ಅಂಚೇ ಇಲ್ಲ. ಎರಿ ಮಣ್ಣು ಬಿರಿದು ಉದುರಿ ಬಾಯಿ ಅಗಲವಾಗುತ್ತದೆ. ಅದರ ಮೇಲೆ ಗೊಬ್ಬರದ ಚೀಲ, ಜಾಲಿ ಮುಳ್ಳು, ಫರಸಿ ಕಲ್ಲು ಇಡುತ್ತಾರೆ. ಚೀಲ ಬಿಸಿಲಿಗೆ ಹರಿಯುತ್ತದೆ, ಮುಳ್ಳು ಒಲೆಗೆ ಹೋಗುತ್ತದೆ, ಕಲ್ಲನ್ನು ಆಡುವ ಹುಡುಗರೇ ಸರಿಸಿಯಾರು. ಬಿಚ್ಚಲು ಪಾನಾ ಬೇಕಾಗದ ಮುಚ್ಚಳವನ್ನು ತಡೆಯ ಲೆಕ್ಕಕ್ಕೆ ಸೇರಿಸುವಂತಿಲ್ಲ.

ತುಂಬಲು ಎಷ್ಟು ಮಣ್ಣು ಬೇಕು? ಆರೂವರೆ ಇಂಚಿನ, 500 ಫೂಟಿನ ಬೋರಿನ ಗಾತ್ರ ಸುಮಾರು 115 ಘನ ಫೂಟು. ನಮ್ಮ ಕಡೆಯ ಲೆಕ್ಕದಲ್ಲಿ ಒಂದು ಬ್ರಾಸಿಗಿಂತ ಚೂರು ಹೆಚ್ಚು. ಕೊರೆದಾಗ ಮೇಲೆ ಬಂದ ಕಲ್ಲುಪುಡಿ ಪಕ್ಕದಲ್ಲೇ ಗುಡ್ಡೆಯಾಗಿರುತ್ತದೆ. ಗಾಳಿಗೆ, ನೀರಿಗೆ ಹೋದದ್ದು ಬಿಟ್ಟು ಕಡಿಮೆ ಬಿದ್ದದ್ದನ್ನು ಹೊಲದ ಗರಸು ತುಂಬುತ್ತದೆ. ಒಮ್ಮೆಲೇ ಸುರಿದರೆ ನಡುವೆ ಕಟ್ಟಿಕೊಂಡು ಕೆಳಗೆ ಪೊಳ್ಳು ಉಳಿಯುವುದರಿಂದ ಬುಟ್ಟಿ ಬುಟ್ಟಿಯಾಗಿ ಹಾಕಬೇಕು. ಇಬ್ಬರು ಆಳುಗಳ ಕೆಲಸ.

ಹಾಗಾದರೆ ಆಗುತ್ತಿಲ್ಲವೇಕೆ? ಗಾಡಿಯ ಕೂಲಿ ಫೂಟಿನ ಲೆಕ್ಕ. ಕೊನೆಯ ಫೂಟು ಮುಗಿದಾಗ ಗಾಡಿಯವನ ಕೆಲಸ ಮುಗಿಯಿತು. ನೀರು ಬೀಳದ ದುಃಖದಲ್ಲಿ ರೈತ ಮನೆಗೆ ನಡೆದ. ಆ ರಾತ್ರಿ ಬಾಯಿಗೆ ಒಡೆಯರಿಲ್ಲ. ಪೈಪರ್ ಆಲ್ಫಾದ ಪಾಳಿ ಬದಲಾವಣೆಯೂ ಇದೇ. ಆದ್ದರಿಂದ ನನ್ನ ಸೂಚನೆ ಬಿಲ್ಲಿನ ಬಗ್ಗೆ. ಫೂಟಿನ ಸಾಲು, ಕೇಸಿಂಗಿನ ಸಾಲುಗಳ ಕೆಳಗೆ ‘ಬಾಯಿ ಮುಚ್ಚಿದ್ದು’ ಎಂಬ ಸಾಲು ಬರಲಿ. ನೀರು ಬಿದ್ದರೆ ಮುಚ್ಚಳ, ಬೀಳದಿದ್ದರೆ ಒಂದು ಬ್ರಾಸ್ ಗರಸು. ಗಾಡಿಯ ಗೋಪುರ ಮಲಗಿಸುವ ಮೊದಲು ಇಬ್ಬರೂ ಆ ಸಾಲಿನ ಮುಂದೆ ಸಹಿ ಹಾಕಲಿ, ಅದರ ಒಂದು ಪ್ರತಿ ಮರುದಿನ ಪಂಚಾಯಿತಿ ಕಚೇರಿಗೆ ಹೋಗಲಿ.