ಭದ್ರತಾ ಪರಿಶೀಲನೆ: ಉದ್ಯೋಗದಾತರ ಕಾನೂನು ಹೊಣೆಗಾರಿಕೆ ಮತ್ತು ನೌಕರರ ರಕ್ಷಣೆ

ನಾಲತವಾಡ ಪಟ್ಟಣ ಹಾಗೂ ಮುದ್ದೇಬಿಹಾಳ ತಾಲೂಕಿನ ಅಂಗಡಿ, ಗೋದಾಮು, ವಸತಿಗೃಹಗಳ ಮಾಲೀಕರು ಮತ್ತು ಕಾರ್ಮಿಕರನ್ನು ಒದಗಿಸುವ ಗುತ್ತಿಗೆದಾರರು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಪೂರ್ವಾಪರ ಪರಿಶೀಲನೆ:
ಪೊಲೀಸ್ ಪರಿಶೀಲನೆ ಎಲ್ಲ ಉದ್ಯೋಗಗಳಿಗೂ ಕಡ್ಡಾಯವಲ್ಲ. ಆದರೆ ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಅಧಿನಿಯಮ, 2005ರನ್ವಯ ಏಜೆನ್ಸಿಯು ಪರವಾನಗಿ ಪಡೆದಿರತಕ್ಕದ್ದು. ಕಾವಲುಗಾರನು ಭಾರತದ ಅಥವಾ ಕೇಂದ್ರ ಸರ್ಕಾರ ಅಧಿಸೂಚಿಸಿದ ಇತರ ದೇಶದ ಪ್ರಜೆಯಾಗಿದ್ದು, 18 ವರ್ಷ ಪೂರೈಸಿದ, 65 ವರ್ಷ ತುಂಬದವನಾಗಿರಬೇಕು. ಆತನ ನಡತೆ ಹಾಗೂ ಪೂರ್ವಾಪರಗಳ ಪರಿಶೀಲನೆ ಆಗಿರಬೇಕು. ಪರಿಶೀಲನಾ ಪ್ರಮಾಣಪತ್ರಕ್ಕೆ ಸೇವಾ ಸಿಂಧು ಮೂಲಕ ಅರ್ಜಿ ಸಲ್ಲಿಸಬಹುದು.

2. ವಿದೇಶಿ ನೌಕರರು:
2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಅಧಿನಿಯಮ, 2025 ಜಾರಿಯಲ್ಲಿದೆ. ವಿದೇಶಿಯರನ್ನು ನೇಮಿಸುವ ಮುನ್ನ ಪಾಸ್‌ಪೋರ್ಟ್ ಹಾಗೂ ಕೆಲಸಕ್ಕೆ ಅನುಮತಿಸುವ ವೀಸಾ ಪರಿಶೀಲಿಸತಕ್ಕದ್ದು.

3. ತನಿಖೆಗೆ ಮಾಹಿತಿ:
ಕಾನೂನುಬಾಹಿರ ಚಟುವಟಿಕೆಗಳ (ತಡೆ) ಅಧಿನಿಯಮ, 1967ರ ಕಲಂ 43ಎಫ್ ಪ್ರಕಾರ, ಪೊಲೀಸ್ ಅಧೀಕ್ಷಕರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಲಿಖಿತ ಪೂರ್ವಾನುಮತಿಯೊಂದಿಗೆ ತನಿಖಾಧಿಕಾರಿಯು ಯಾವುದೇ ಸಂಸ್ಥೆ ಅಥವಾ ವ್ಯಕ್ತಿಯಿಂದ ಮಾಹಿತಿ ಕೇಳಬಹುದು. ಮಾಹಿತಿ ನೀಡದಿದ್ದಲ್ಲಿ ಅಥವಾ ಉದ್ದೇಶಪೂರ್ವಕವಾಗಿ ಸುಳ್ಳು ಮಾಹಿತಿ ನೀಡಿದಲ್ಲಿ 3 ವರ್ಷಗಳವರೆಗೆ ಕಾರಾಗೃಹವಾಸ, ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಕೋರಿಕೆಯ ಪತ್ರವನ್ನೂ ಒದಗಿಸಿದ ದಾಖಲೆಗಳ ಪಟ್ಟಿಯನ್ನೂ ಕಡತದಲ್ಲಿ ಕಾಪಾಡಿಕೊಳ್ಳುವುದು ಸೂಕ್ತ.

4. ಸಂಶಯವೇ ಅಪರಾಧವಲ್ಲ:
ವಿಚಾರಣೆಗೆ ಕರೆದ ಅಥವಾ ಬಂಧಿಸಿದ ಮಾತ್ರಕ್ಕೆ ನೌಕರನ ಅಪರಾಧ ಸಾಬೀತಾಗುವುದಿಲ್ಲ. ಆಸ್ಟ್ರೇಲಿಯಾದ ಆಸ್ಪತ್ರೆಯೊಂದರಲ್ಲಿ ಸೇವೆಯಲ್ಲಿದ್ದ ಕರ್ನಾಟಕದ ವೈದ್ಯ ಮೊಹಮ್ಮದ್ ಹನೀಫ್ ಅವರನ್ನು ಭಯೋತ್ಪಾದನೆಗೆ ಸಂಬಂಧಿಸಿದ ಆರೋಪದ ಮೇಲೆ 2007ರ ಜುಲೈ 2ರಂದು ಬಂಧಿಸಲಾಗಿತ್ತು. ಅದೇ ತಿಂಗಳ 27ರಂದು ಆರೋಪವನ್ನು ಹಿಂಪಡೆಯಲಾಯಿತು. 2010ರಲ್ಲಿ ಅವರಿಗೆ ಪರಿಹಾರ ದೊರೆಯಿತು.

ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961 ಅನ್ವಯಿಸುವ ಸಂಸ್ಥೆಗಳಲ್ಲಿ, ಸತತ 6 ತಿಂಗಳು ಸೇವೆ ಸಲ್ಲಿಸಿದ ನೌಕರನನ್ನು ಸಮಂಜಸ ಕಾರಣ ಹಾಗೂ ಒಂದು ತಿಂಗಳ ನೋಟಿಸು ಅಥವಾ ತತ್ಸಮಾನ ವೇತನವಿಲ್ಲದೆ ತೆಗೆದುಹಾಕುವಂತಿಲ್ಲ (ಕಲಂ 39). ದುರ್ನಡತೆಯ ಆರೋಪದ ಮೇಲೆ ನೋಟಿಸಿಲ್ಲದೆ ತೆಗೆಯಬೇಕಾದಲ್ಲಿ, ವಿಚಾರಣೆ ನಡೆಸಿ ಸಾಕ್ಷ್ಯವನ್ನು ದಾಖಲಿಸಿರಬೇಕು. ಜಾತಿ, ಧರ್ಮ ಅಥವಾ ಹುಟ್ಟೂರು ಪರಿಶೀಲನೆಗೆ ಆಧಾರವಾಗಕೂಡದು. ಹುದ್ದೆಯ ಸ್ವರೂಪವೇ ಆಧಾರವಾಗಿರಲಿ.

5. ಸಂಪರ್ಕ:
ಪರಿಶೀಲನೆಯ ಬಗ್ಗೆ ತಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಯನ್ನು, ಸೇವಾ ವಿವಾದಗಳ ಬಗ್ಗೆ ಕಾರ್ಮಿಕ ನಿರೀಕ್ಷಕರ ಕಚೇರಿಯನ್ನು ಸಂಪರ್ಕಿಸಬಹುದು. ಕೆಲಸದಿಂದ ವಜಾಗೊಂಡ ಅರ್ಹ ನೌಕರರು ಮುದ್ದೇಬಿಹಾಳದ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ಕಾನೂನು ನೆರವಿಗೆ ಅರ್ಜಿ ಸಲ್ಲಿಸಬಹುದಾಗಿದೆ.